ಪಟ್ಟ ಹೋದ ಸಿಟ್ಟೇ? ಅಂಕೋಲಾದ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಪೆಸಿಫಿಕ್ ಸಾಗರದ ದ್ವೀಪದೇಶ ಸಮೋವಾದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿತು. ಎಲ್ಲವನ್ನೂ ಅಚ್ಚು ಹಾಕಲು ಜಾಗವಿಲ್ಲ. ಉಳಿದ ಓದುಗರಿಗಾಗಿ ಸಾರವನ್ನು ಹೇಳಿ ಮುಂದುವರಿಯುತ್ತೇನೆ. ನಿಮ್ಮ ಮೊದಲ ಏಟು ಹೀಗಿದೆ: "ನೀವು ಹುತಾತ್ಮ ಎಂದು ಕೊಂಡಾಡಿದ ತಮಾಸೆಸೆ ಒಬ್ಬ ಪಾಳೇಗಾರ. ಪರದೇಶದ ಸರ್ಕಾರ ಅವನ ಪಟ್ಟ ಕಿತ್ತುಕೊಂಡಿತು, ಅವನಿಗೆ ಸಿಟ್ಟು ಬಂತು. ಇದರಲ್ಲಿ ಜನರ ಹೋರಾಟ ಎಲ್ಲಿಂದ ಬಂತು?" ಎರಡನೆಯದು, ಚಿತ್ರದ ಕೆಳಗೆ ನಾವು 'ಸಮೋವಾದ ಗಾಂಧಿ' ಎಂದು ಬರೆದದ್ದಕ್ಕೆ ಆಕ್ಷೇಪ. ಮೂರನೆಯದು ಮಾವಿನ ವಿಷಯ. ನ್ಯೂಜಿಲೆಂಡಿನ ಆಡಳಿತದ ವಿರುದ್ಧ ಸಮೋವನ್ನರು ನಡೆಸಿದ ಚಳವಳಿಯ ಹೆಸರು 'ಮೌ'. ಅದು ಮೂರು ಕಡೆ 'ಮಾವು' ಎಂದು ಅಚ್ಚಾಗಿ, 'ಮಾವಿನ ಕಾರ್ಯಕರ್ತರು ತೆರಿಗೆ ಕೊಡಲು ನಿರಾಕರಿಸಿದರು' ಎಂಬ ವಾಕ್ಯ ಹುಟ್ಟಿಕೊಂಡಿತು. ನೀವು ನಕ್ಕಿದ್ದೀರಿ. ನಾವು ನಗುವ ಸ್ಥಿತಿಯಲ್ಲಿರಲಿಲ್ಲ.

ಮೊದಲ ಮಾತಿಗೇ ಬರುತ್ತೇನೆ, ಏಕೆಂದರೆ ಅದರಲ್ಲಿ ಅರ್ಧ ನಿಜವಿದೆ. ತುಪುವಾ ತಮಾಸೆಸೆ ಲೆಯಾಲೋಫಿ ಅವರ ಪಟ್ಟವನ್ನು ಆಡಳಿತ ಕಿತ್ತುಕೊಂಡದ್ದು ಹೌದು. ಕಾರಣವಾದದ್ದು ಒಂದು ಬೇಲಿ. ತಮ್ಮ ಜಾಗದಲ್ಲಿದ್ದ ದಾಸವಾಳದ ಬೇಲಿಯನ್ನು ತೆಗೆಯಬೇಕೆಂದು ಅಪ್ಪಣೆಯಾಯಿತು, ಇವರು ತೆಗೆಯಲಿಲ್ಲ. 1920ರ ದಶಕದ ನಡುವಿನ ಮಾತು ಇದು. ಆಗ ಪಶ್ಚಿಮ ಸಮೋವಾವನ್ನು ಆಳುತ್ತಿದ್ದದ್ದು ನ್ಯೂಜಿಲೆಂಡ್. ಆಡಳಿತಾಧಿಕಾರಿ ಜನರಲ್ ಜಾರ್ಜ್ ರಿಚರ್ಡ್‌ಸನ್. 1922ರ ಒಂದು ಕಾನೂನು ಯಾವನೇ ಸಮೋವನ್ನನನ್ನು ಅವನ ಊರಿನಿಂದ ಹೊರಹಾಕುವ ಮತ್ತು ಅವನ ಪಟ್ಟದ ಹೆಸರನ್ನೇ ರದ್ದುಮಾಡುವ ಅಧಿಕಾರವನ್ನು ಆಡಳಿತದ ಕೈಗೆ ಕೊಟ್ಟಿತ್ತು. ಬೇಲಿಯ ಜಗಳ ಬೆಳೆದು ತಮಾಸೆಸೆ ಊರನ್ನೂ ಹೆಸರನ್ನೂ ಕಳೆದುಕೊಂಡರು.

ಇಲ್ಲಿ 'ಪಾಳೇಗಾರ' ಎಂಬ ನಿಮ್ಮ ಶಬ್ದ ನಮ್ಮನ್ನು ದಾರಿ ತಪ್ಪಿಸುತ್ತದೆ. ಪಾಳೇಗಾರನಿಗೆ ಕೋಟೆ ಇರುತ್ತದೆ, ದಂಡು ಇರುತ್ತದೆ, ಅಪ್ಪನಿಂದ ಮಗನಿಗೆ ಇಳಿಯುವ ಗದ್ದುಗೆ ಇರುತ್ತದೆ. ಸಮೋವಾದಲ್ಲಿ ಪಟ್ಟ ಹೊತ್ತವನನ್ನು 'ಮತಾಯಿ' ಎನ್ನುತ್ತಾರೆ. ದೊಡ್ಡ ಕುಟುಂಬ ಸಭೆ ಕೂಡಿ, ವಾರಗಟ್ಟಲೆ ವಾದಿಸಿ, ತನ್ನಲ್ಲಿ ಒಬ್ಬನ ಮೇಲೆ ಹೆಸರನ್ನು ಹೊರಿಸುತ್ತದೆ. ಹಿರಿಯ ಮಗನಿಗೇ ಸಿಗಬೇಕೆಂಬ ನಿಯಮವಿಲ್ಲ. ಕುಟುಂಬದ ನೆಲವನ್ನು ಮತಾಯಿ ನೋಡಿಕೊಳ್ಳುತ್ತಾನೆ, ಮಾರಲಾರ. ಸರಿಯಾಗಿ ನಡೆದುಕೊಳ್ಳದಿದ್ದರೆ ಹೆಸರು ಕೊಟ್ಟವರೇ ಹಿಂದಕ್ಕೆ ಪಡೆಯಬಹುದು. ನಮ್ಮಲ್ಲಿ ಇದಕ್ಕೆ ಸರಿಸಮನಾದ ಶಬ್ದ ಹುಡುಕಿ ಸೋತಿದ್ದೇನೆ. 'ಯಜಮಾನ' ಎನ್ನಬಹುದು, ಆದರೆ ಮನೆಯವರೆಲ್ಲ ಸೇರಿ ಆರಿಸಿದ ಯಜಮಾನ.

ಹೀಗಿರುವಾಗ ವೆಲಿಂಗ್ಟನ್ನಿನಿಂದ ಬಂದ ಒಬ್ಬ ಜನರಲ್ ಸಹಿ ಹಾಕಿ ಹೆಸರು ರದ್ದುಮಾಡುವುದೆಂದರೆ ಏನು? ಕಿತ್ತುಕೊಂಡದ್ದು ಒಬ್ಬನ ಸೊತ್ತನ್ನಲ್ಲ, ಕುಟುಂಬ ಕೂಡಿ ಮಾಡಿದ ತೀರ್ಮಾನವನ್ನು. ಆದ್ದರಿಂದಲೇ ಬೇಲಿಯ ಜಗಳ ಸಾವಿರಾರು ಜನರಿಗೆ ತಮ್ಮದೇ ಮನೆಯ ಜಗಳವಾಗಿ ಕಂಡಿತು. ರಿಚರ್ಡ್‌ಸನ್ ಕೆಟ್ಟ ಮನುಷ್ಯ ಎಂದು ನಾನು ಹೇಳಲಾರೆ. ಸುಧಾರಣೆಯ ಹುಚ್ಚು ಹಿಡಿದ ಅಧಿಕಾರಿ ಆತ, ಅದು ಹೆಚ್ಚು ಅಪಾಯ. ಕುಟುಂಬದ ನೆಲವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಹಂಚುವ ಯೋಜನೆ ಹಾಕಿದರು. ಮದುವೆ, ಸಾವು, ಪಟ್ಟಾಭಿಷೇಕಗಳಲ್ಲಿ ಕೈ ಬದಲಾಗುವ ನಯವಾದ ಚಾಪೆಗಳ ವಿನಿಮಯಕ್ಕೆ ತಡೆ ಒಡ್ಡಿದರು. ಅಲ್ಲಿ ಆ ಚಾಪೆಯೆಂದರೆ ಮನೆತನದ ಮಾನ. ಊರಿಂದೂರಿಗೆ ಹೋಗುವ ಸಾಮೂಹಿಕ ಭೇಟಿಗಳಿಗೂ ಕಡಿವಾಣ ಬಿತ್ತು.

ಇನ್ನೊಂದು ಹಿನ್ನೆಲೆಯನ್ನು ನಮ್ಮ ಲೇಖನ ಒಂದೇ ಸಾಲಿನಲ್ಲಿ ಮುಗಿಸಿತ್ತು. ಅದು ನಮ್ಮ ದೊಡ್ಡ ತಪ್ಪು. 1918ರ ನವೆಂಬರ್ 7ರಂದು ನ್ಯೂಜಿಲೆಂಡಿನ ಆಕ್ಲೆಂಡಿನಿಂದ 'ತಲೂನೆ' ಎಂಬ ಹಡಗು ಅಪಿಯಾ ಬಂದರಿಗೆ ಬಂತು. ಅದರಲ್ಲಿ ಇನ್‌ಫ್ಲುಯೆಂಜಾ ರೋಗಿಗಳಿದ್ದರು. ಯಾರೂ ತಡೆಯಲಿಲ್ಲ. ಎರಡು ತಿಂಗಳೊಳಗೆ ಸುಮಾರು 8,500 ಜನ ಸತ್ತರು. ಐವರಲ್ಲಿ ಒಬ್ಬರಿಗಿಂತ ಹೆಚ್ಚು. ಹತ್ತಿರದಲ್ಲೇ ಇರುವ ಅಮೆರಿಕನ್ ಸಮೋವಾದಲ್ಲಿ ಗವರ್ನರ್ ಜಾನ್ ಪಾಯರ್ ಹಡಗುಗಳನ್ನು ಬಿಗಿಯಾಗಿ ತಡೆದರು, ಅಲ್ಲಿ ಒಬ್ಬರೂ ಸಾಯಲಿಲ್ಲ. ಆ ಕಡೆಯಿಂದ ವೈದ್ಯಕೀಯ ನೆರವು ಕೊಡುತ್ತೇವೆಂದರೂ ಈ ಕಡೆಯ ಆಡಳಿತಾಧಿಕಾರಿ ಕರ್ನಲ್ ರಾಬರ್ಟ್ ಲೋಗನ್ ಬೇಡವೆಂದರು. ಹಿರಿಯ ಮತಾಯಿಗಳು ಗುಂಪುಗುಂಪಾಗಿ ತೀರಿಕೊಂಡರು. ತಮಾಸೆಸೆಗೆ ಆಗ ಹದಿನೇಳು. ಹೆಣಗಳನ್ನು ಒಟ್ಟೊಟ್ಟಾಗಿ ಹೂತ ಆ ತಲೆಮಾರಿಗೆ, ಕೆಲವೇ ವರ್ಷಗಳ ಮೇಲೆ ಅದೇ ಸರ್ಕಾರ ಬಂದು 'ನಿಮ್ಮ ಒಳ್ಳೆಯದು ನಮಗೆ ಗೊತ್ತು' ಎಂದು ಬೇಲಿ ತೆಗೆಸಲು ಹೊರಟರೆ ಹೇಗನಿಸಿರಬೇಡ? ಪಟ್ಟದ ಸಿಟ್ಟು ಎನ್ನುವಿರಾದರೆ ಈ ಸಾವುಗಳನ್ನೂ ಅದರ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಸ್ವಾರ್ಥವೇ ಇರಲಿಲ್ಲವೇ? ಇತ್ತು. ಚಳವಳಿಗೆ ಹಣ, ಪತ್ರಿಕೆ, ವಕೀಲರನ್ನು ಒದಗಿಸಿದ ಓಲಾಫ್ ನೆಲ್ಸನ್ ದೊಡ್ಡ ವ್ಯಾಪಾರಿ. ತಂದೆ ಸ್ವೀಡನ್ನಿನವರು, ತಾಯಿ ಸಮೋವಾದವರು. ಸರ್ಕಾರ ತಾನೇ ಕೊಬ್ಬರಿ ವ್ಯಾಪಾರಕ್ಕೆ ಇಳಿದದ್ದು ಅವರ ಅಂಗಡಿಗಳಿಗೆ ಹೊಡೆತ. ಅದೇ ಮನುಷ್ಯ 1918ರಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡಿದ್ದರು. ಎರಡರಲ್ಲಿ ಯಾವುದು ಅವರನ್ನು ಎಬ್ಬಿಸಿತು ಎಂದು ತೂಕ ಹಾಕುವ ತಕ್ಕಡಿ ನನ್ನ ಬಳಿ ಇಲ್ಲ. ನ್ಯೂಜಿಲೆಂಡ್ ಅವರನ್ನು 1928ರಲ್ಲಿ ಐದು ವರ್ಷ ಗಡೀಪಾರು ಮಾಡಿತು. ಅವರು ಜಿನೀವಾದ ರಾಷ್ಟ್ರಸಂಘದ ಬಾಗಿಲಿಗೂ ಹೋಗಿ ಬಂದರು. ಅಲ್ಲಿ ಬಾಗಿಲು ತೆರೆಯಲಿಲ್ಲ.

ಈಗ 'ಗಾಂಧಿ' ವಿಷಯ. ಪುಟ ತುಂಬಿಸುವ ಆತುರದಲ್ಲಿ ನಾವೇ ಅಂಟಿಸಿದ ಹೆಸರು ಅದು, ನಿಮ್ಮ ಆಕ್ಷೇಪ ಪೂರ್ತಿ ಸರಿ. ಎಲ್ಲಿ ಯಾರು ಕೈಯೆತ್ತದೆ ನಿಂತರೂ ಅವರನ್ನು ನಮ್ಮವರೊಬ್ಬರ ನಕಲು ಎನ್ನುವುದು ನಮಗಂಟಿದ ಚಾಳಿ. ಕೇಡು ತಟ್ಟುವುದು ಅವರಿಗೆ, ಏಕೆಂದರೆ ಅವರದೇ ಹಿರಿಯರು ಅಳಿಸಿಹೋಗುತ್ತಾರೆ.

ಲಾವಾಕಿ ನಮುಲಾವುಲು ಎಂಬುವರು ಹಾಗೆ ಅಳಿಸಿಹೋಗಬಾರದ ಒಬ್ಬರು. ಸವಾಯಿ ದ್ವೀಪದ ಸಫೋತುಲಾಫಾಯಿ ಊರಿನವರು, 'ತುಲಾಫಾಲೆ', ಅಂದರೆ ಸಭೆಯಲ್ಲಿ ಎದ್ದು ನಿಂತು ಊರಿನ ಪರವಾಗಿ ಮಾತಾಡುವ ಮತಾಯಿ. 1900ರಿಂದ ಪಶ್ಚಿಮ ಸಮೋವಾವನ್ನು ಆಳಿದ್ದು ಜರ್ಮನಿ. ಗವರ್ನರ್ ವಿಲ್ಹೆಲ್ಮ್ ಸೋಲ್ಫ್. ದೇಶದ ಹಳೆಯ ಅಧಿಕಾರವನ್ನು ಒಂದೊಂದಾಗಿ ಕಳಚಿದ ಸೋಲ್ಫ್ ವಿರುದ್ಧ 1908ರಲ್ಲಿ ಲಾವಾಕಿ ಜನರನ್ನು ಕೂಡಿಸಿದರು. ಅದಕ್ಕೂ 'ಮೌ' ಎಂದೇ ಹೆಸರು. ಗಟ್ಟಿಯಾಗಿ ಹಿಡಿದ ಅಭಿಪ್ರಾಯ, ಬಿಡದ ನಿಲುವು ಎಂಬರ್ಥದ ಶಬ್ದ ಅದು. 1909ರಲ್ಲಿ ಜರ್ಮನ್ ಯುದ್ಧನೌಕೆಗಳು ಬಂದು ನಿಂತಾಗ ರಕ್ತ ಹರಿಯದಿರಲೆಂದು ಲಾವಾಕಿ ಶರಣಾದರು. ಅವರನ್ನೂ ಜೊತೆಗಾರರನ್ನೂ ಕುಟುಂಬಸಮೇತ ದೂರದ ಸೈಪಾನ್ ದ್ವೀಪಕ್ಕೆ ಸಾಗಿಸಲಾಯಿತು. ಮೊದಲ ಮಹಾಯುದ್ಧದಲ್ಲಿ ಜರ್ಮನಿ ದ್ವೀಪಗಳನ್ನು ಕಳೆದುಕೊಂಡ ಮೇಲೆ ಮನೆಗೆ ಹೊರಟವರು 1915ರಲ್ಲಿ ದಾರಿಯಲ್ಲೇ ತೀರಿಕೊಂಡರು. ಮಾತು ಬಲ್ಲ ಹಿರಿಯನೊಬ್ಬ ಆಯುಧವಿರುವ ಸರ್ಕಾರದ ಎದುರು ಏನು ಮಾಡಬಹುದು, ಏನನ್ನು ಮಾಡಲಾಗದು ಎಂಬುದನ್ನು ತಮಾಸೆಸೆಯ ಪೀಳಿಗೆ ಈ ಕತೆಯಿಂದಲೇ ಕಲಿತಿರಬೇಕು ಎಂದು ನನ್ನ ಊಹೆ.

1927ರ ಹೊತ್ತಿಗೆ ಎರಡನೆಯ ಮೌ ಬಲಿತಿತ್ತು. ಸೊಂಟಕ್ಕೆ ಸುತ್ತುವ ನೀಲಿ ಬಟ್ಟೆ 'ಲಾವಾಲಾವಾ', ಅದರ ಅಂಚಿಗೆ ಬಿಳಿ ಪಟ್ಟೆ, ಇದು ಸಮವಸ್ತ್ರ. 'ಸಮೋವಾ ಸಮೋವನ್ನರಿಗೆ' ಎಂಬುದು ಘೋಷಣೆ. ತೆರಿಗೆ ನಿಂತಿತು (ಕರನಿರಾಕರಣೆ ಎಂದರೇನೆಂದು ಅಂಕೋಲಾದವರಿಗೆ ನಾನು ಹೇಳಬೇಕಾಗಿಲ್ಲ). ಮಕ್ಕಳು ಸರ್ಕಾರಿ ಶಾಲೆ ಬಿಟ್ಟರು. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯನ್ನು ಪ್ರತಿಯೊಬ್ಬರೂ ಹಿಡಿದು ತಂದು ಒಪ್ಪಿಸಬೇಕೆಂಬ ಕಡ್ಡಾಯವಿತ್ತು. ದುಂಬಿ ಹಿಡಿಯುವುದನ್ನೂ ನಿಲ್ಲಿಸಿದರು. 1928ರ ಆರಂಭದಲ್ಲಿ ಯುದ್ಧನೌಕೆಗಳ ಬಲದಿಂದ ಸುಮಾರು 400 ಜನರನ್ನು ಬಂಧಿಸಿದ್ದಾಯಿತು. ಅದನ್ನು ಕೇಳಿ ಇನ್ನಷ್ಟು ಜನ 'ನಮ್ಮನ್ನೂ ಹಿಡಿಯಿರಿ' ಎಂದು ಬಂದರು. ಇರಿಸಲು ಜಾಗವಿಲ್ಲ. ಒಂದು ಗುಂಪನ್ನು ಮೂರು ಕಡೆ ಮಾತ್ರ ಬೇಲಿಯಿದ್ದ ಆವರಣದಲ್ಲಿ ಕೂಡಿಟ್ಟಿದ್ದರಂತೆ. ನಾಲ್ಕನೆಯ ಕಡೆ ಸಮುದ್ರ. ಕೈದಿಗಳು ಈಜಿಕೊಂಡು ಹೋಗಿ ತೋಟ ನೋಡಿಕೊಂಡು, ಮನೆಯವರನ್ನು ಮಾತಾಡಿಸಿ ವಾಪಸ್ಸು ಬರುತ್ತಿದ್ದರು. ಜನರಲ್ ಸಾಹೇಬರು ಕೊನೆಗೆ ಕ್ಷಮಾದಾನ ಘೋಷಿಸಿ ಮಾನ ಉಳಿಸಿಕೊಳ್ಳಬೇಕಾಯಿತು.

ನಗು ಅಲ್ಲಿಗೆ ಮುಗಿಯಿತು. ರಿಚರ್ಡ್‌ಸನ್ ಹೋಗಿ ಸ್ಟೀಫನ್ ಆ್ಯಲನ್ ಬಂದರು, ನ್ಯೂಜಿಲೆಂಡಿನಿಂದ ಮಿಲಿಟರಿ ಪೊಲೀಸರೂ ಬಂದರು. ತೆರಿಗೆ ಕೊಡದ ತಮಾಸೆಸೆಯನ್ನು ಆಕ್ಲೆಂಡಿನ ಮೌಂಟ್ ಈಡನ್ ಸೆರೆಮನೆಯಲ್ಲಿ ಆರು ತಿಂಗಳು ಇರಿಸಲಾಯಿತು. 1929ರಲ್ಲಿ ಊರಿಗೆ ಮರಳಿದ ಅವರು ಮತ್ತೆ ಮೌ ಮುಂದಾಳಾದರು.

ಅದೇ ವರ್ಷದ ಡಿಸೆಂಬರ್ 28, ಶನಿವಾರ. ಗಡೀಪಾರಿನಿಂದ ಹಿಂದಿರುಗುತ್ತಿದ್ದವರನ್ನು ಎದುರುಗೊಳ್ಳಲು ಅಪಿಯಾದ ಕಡಲ ಬದಿಯ ರಸ್ತೆಯಲ್ಲಿ ಮೆರವಣಿಗೆ. ತಮಗೆ ಬೇಕಾಗಿದ್ದ ಒಬ್ಬನನ್ನು ಹಿಡಿಯಲು ಪೊಲೀಸರು ಸಾಲಿನೊಳಗೆ ನುಗ್ಗಿದರು. ಎಳೆದಾಟ, ಕಲ್ಲು, ಪಿಸ್ತೂಲು, ಆಮೇಲೆ ರೈಫಲ್ಲು. ಠಾಣೆಯ ಮೇಲಿನಿಂದ ಮೆಷಿನ್‌ಗನ್ನೂ ಸದ್ದು ಮಾಡಿತು. ತಮಾಸೆಸೆ ತಮ್ಮವರ ಕಡೆ ತಿರುಗಿ, ಕೈ ಮೇಲೆತ್ತಿ, ಶಾಂತರಾಗಿರಿ ಎಂದು ಕೂಗುತ್ತಿದ್ದಾಗ ಗುಂಡು ತಗಲಿತು. ಆಗ ಅವರ ವಯಸ್ಸು ಇಪ್ಪತ್ತೆಂಟು. ಸತ್ತ ಸಮೋವನ್ನರ ಲೆಕ್ಕ 8ರಿಂದ 11ರವರೆಗೆ ಸಿಗುತ್ತದೆ. ಗಾಯಗೊಂಡವರು ಹತ್ತಾರು. ಜನರ ಕೈಗೆ ಸಿಕ್ಕ ಒಬ್ಬ ಪೊಲೀಸ್ ಪೇದೆಯೂ ಸತ್ತ. ಇದನ್ನು ನಮ್ಮ ಲೇಖನ ಬಿಟ್ಟಿತ್ತು, ಬಿಡಬಾರದಿತ್ತು.

ಮರುದಿನ ತಮಾಸೆಸೆ ತೀರಿಕೊಂಡರು. ಸಾಯುವ ಮುನ್ನ ಅವರು ಹೇಳಿಹೋದದ್ದರ ತಾತ್ಪರ್ಯ ಇಷ್ಟು: ನನ್ನ ರಕ್ತ ಸಮೋವಾಕ್ಕಾಗಿ ಚೆಲ್ಲಿದೆ, ಇದಕ್ಕೆ ಸೇಡು ತೀರಿಸಿಕೊಳ್ಳುವ ಯೋಚನೆಯನ್ನೂ ಮಾಡಬೇಡಿ, ಏನೇ ಆದರೂ ಶಾಂತಿ ಕೆಡಬಾರದು.

ನಿಮ್ಮ ಪತ್ರವನ್ನು ಮೇಜಿನ ಮೇಲಿಟ್ಟುಕೊಂಡು ನಾನು ಬಹಳ ಹೊತ್ತು ಯೋಚಿಸಿದ್ದು ಇದರ ಮುಂದಿನದನ್ನು. ಸಾಯುವ ಮನುಷ್ಯ ಸೇಡು ಬೇಡವೆನ್ನುವುದು ದೊಡ್ಡದು, ಒಪ್ಪಿದೆ. ಆದರೆ ಆ ಮಾತನ್ನು ಜನ ಕೇಳಿದರಲ್ಲ! 1930ರ ಜನವರಿಯಲ್ಲಿ 'ಡನೀಡಿನ್' ಯುದ್ಧನೌಕೆ ಬಂತು. ನೌಕಾಸೈನಿಕರು ಮನೆಮನೆ ಜಾಲಾಡಿದರು. ಗಂಡಸರು ಕಾಡು ಸೇರಿದರು, ಹೊಂಚು ಹಾಕಿ ಹೊಡೆಯುವುದು ಅವರಿಗೆ ಕಷ್ಟವೇನೂ ಆಗಿರಲಿಲ್ಲ. ಹೊಡೆಯಲಿಲ್ಲ. ಮಾರ್ಚ್‌ನಲ್ಲಿ ರಾಜಿಯಾಗುವವರೆಗೂ ಹಾಗೇ ಇದ್ದರು. ಊರಿನಲ್ಲಿ ಉಳಿದ ಹೆಂಗಸರು ತಮ್ಮದೇ ಮೌ ಕಟ್ಟಿದರು. ಮುಂದೆ ನಿಂತವರಲ್ಲಿ ತಮಾಸೆಸೆಯ ಪತ್ನಿ ಆಲಾ ಕೂಡ ಒಬ್ಬರು. ಕಾಗದದ ಮೇಲೆ ರದ್ದಾದ ಪಟ್ಟ ಹೊತ್ತವನ ಮಾತು, ಅವನು ಸತ್ತ ಮೇಲೂ ಕಾಡಿನಲ್ಲಿ ಅಡಗಿದ್ದವರ ಕೈ ಕಟ್ಟಿಹಾಕಿತು. ಬರೀ ಸಿಟ್ಟಿನ ಪಟ್ಟಕ್ಕೆ ಇಷ್ಟು ಶಕ್ತಿ ಬರುವುದಿಲ್ಲ.

ಹಾಗೆಂದು ನಿಮ್ಮ ಸಂಶಯವನ್ನು ಮಣ್ಣು ಮಾಡಿಬಿಟ್ಟೆ ಎಂದು ಬೀಗುವುದಿಲ್ಲ. ನಿಮ್ಮ ಪಕ್ಷಕ್ಕೆ ಬಲ ಕೊಡುವ ಸಂಗತಿಯೊಂದಿದೆ, ಅದನ್ನು ನಾನೇ ಒದಗಿಸುತ್ತೇನೆ. 1961ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಉಸ್ತುವಾರಿಯಲ್ಲಿ ಜನಮತಗಣನೆ ನಡೆಯಿತು. ವಯಸ್ಕರೆಲ್ಲರೂ ಮತ ಹಾಕಿ ಒಂದು ಸಂವಿಧಾನವನ್ನು ಒಪ್ಪಿದರು. ಆ ವ್ಯವಸ್ಥೆಯಲ್ಲಿ ಸಂಸತ್ತಿನ 47 ಸ್ಥಾನಗಳ ಪೈಕಿ 45ಕ್ಕೆ ಮತ ಹಾಕುವ ಹಕ್ಕು ಮತಾಯಿಗಳಿಗೆ ಮಾತ್ರ! 1962ರ ಜನವರಿ 1ರಂದು ಸ್ವಾತಂತ್ರ್ಯ ಬಂದಾಗ ಇಬ್ಬರು ಜಂಟಿಯಾಗಿ ರಾಷ್ಟ್ರದ ಮುಖ್ಯಸ್ಥರಾದರು. ಒಬ್ಬರು ಮಲಿಯೆಟೋವಾ ತನುಮಾಫಿಲಿ, ಇನ್ನೊಬ್ಬರು ತಮಾಸೆಸೆಯ ತಮ್ಮ ಮೆಯಾವೋಲೆ. ಮತಾಯಿಯಲ್ಲದ ಸಾಮಾನ್ಯ ಸಮೋವನ್ನನಿಗೆ ಮತದಾನದ ಹಕ್ಕು ಸಿಗಲು 1990ರ ಜನಮತಗಣನೆಯವರೆಗೆ ಕಾಯಬೇಕಾಯಿತು. ಚುನಾವಣೆಗೆ ನಿಲ್ಲಬೇಕಾದರೆ ಇಂದಿಗೂ ಮತಾಯಿ ಪಟ್ಟ ಬೇಕು. 'ಸಮೋವಾ ಸಮೋವನ್ನರಿಗೆ' ಎಂದಾಗ ಯಾವ ಸಮೋವನ್ನರಿಗೆ ಎಂದು ನೀವು ಕೇಳಿದರೆ, ಮೂವತ್ತು ವರ್ಷಗಳ ಮಟ್ಟಿಗಾದರೂ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ.

2002ರ ಜೂನ್‌ನಲ್ಲಿ ನ್ಯೂಜಿಲೆಂಡಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ಅಪಿಯಾಕ್ಕೆ ಹೋಗಿ ಕ್ಷಮೆ ಕೇಳಿದರು. ಇನ್‌ಫ್ಲುಯೆಂಜಾ ಹಡಗಿಗೆ, ಗುಂಡೇಟಿಗೆ, ಪಟ್ಟ ಕಿತ್ತದ್ದಕ್ಕೆ. ಮೂರನ್ನೂ ಒಂದೇ ಉಸಿರಿನಲ್ಲಿ ಸೇರಿಸಿದ್ದನ್ನು ನೀವು ಗಮನಿಸಬೇಕು.

'ಇಷ್ಟು ದೂರದ ದೇಶ ನಮಗೇಕೆ' ಎಂದು ಪತ್ರದ ಕೊನೆಗೆ ಕೇಳಿದ್ದೀರಿ. ನಾಲ್ಕು ಪುಟ ಬರೆದು ಮುಗಿಸಿದ ಮೇಲೆ ಕೇಳಿದ ಪ್ರಶ್ನೆಯಾದ್ದರಿಂದ ಉತ್ತರ ನಿಮ್ಮಲ್ಲೇ ಇದೆ ಎಂದುಕೊಂಡಿದ್ದೇನೆ.

ಉಳಿದದ್ದು ತಿದ್ದುಪಡಿ. ಕಳೆದ ಸಂಚಿಕೆಯಲ್ಲಿ 'ಮಾವು' ಎಂದಿರುವ ಮೂರು ಕಡೆಯೂ 'ಮೌ' ಎಂದು ಓದಿಕೊಳ್ಳಬೇಕು. ಚಿತ್ರದ ಕೆಳಗಿನ 'ಸಮೋವಾದ ಗಾಂಧಿ' ಎಂಬುದನ್ನು ಹೊಡೆದುಹಾಕಿ, ಆ ಜಾಗದಲ್ಲಿ ಹೀಗೆ ಬರೆದುಕೊಳ್ಳಿ: ತುಪುವಾ ತಮಾಸೆಸೆ ಲೆಯಾಲೋಫಿ, 1901–1929.

– ಸಂ.