ಮಂಗಳೂರು ಇರುವಾಗ ಚೆನ್ನೈ ಯಾಕೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಕಾರ್ಖಾನೆ ಇದೆ. ಯಂತ್ರದ ಬಿಡಿಭಾಗ ಮಾಡಿ ಜರ್ಮನಿಗೆ ಕಳಿಸುತ್ತೇವೆ. ಯುರೋಪ್ ಇರುವುದು ಪಶ್ಚಿಮಕ್ಕೆ, ಮಂಗಳೂರು ಬಂದರೂ ಆ ಕಡೆಗೇ. ಆದರೂ ನಮ್ಮ ಏಜೆಂಟ್ ಪ್ರತಿ ಸಲ ಕಂಟೇನರನ್ನು ಚೆನ್ನೈಗೇ ಕಳಿಸುತ್ತಾರೆ. ಇದರಲ್ಲಿ ಅವರಿಗೇನಾದರೂ ಕಮಿಷನ್ ಇದೆಯಾ?

ಉತ್ತರ: ಸುಮ್ನೆ ಏಜೆಂಟರನ್ನು ಅನುಮಾನಿಸಬೇಡಿ. ಬೆಂಗಳೂರಿನಿಂದ ಎರಡೂ ಬಂದರು ಹತ್ತಿರ ಹತ್ತಿರ 350 ಕಿ.ಮೀ. ಆದರೆ ಮಂಗಳೂರಿಗೆ ಹೋಗಲು ಘಾಟಿ ಇಳಿಯಬೇಕು. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದರೆ ಲಾರಿ ಅಲ್ಲೇ ನಿಂತಿತು. ರೈಲಿಗೂ ಸಕಲೇಶಪುರ–ಸುಬ್ರಹ್ಮಣ್ಯ ನಡುವೆ 50 ಮೀಟರಿಗೆ 1 ಮೀಟರ್ ಏರುವ ಹಳಿ. ಚೆನ್ನೈಗಾದರೆ ವೈಟ್‌ಫೀಲ್ಡ್ ಡಿಪೋದಿಂದಲೇ ಕಂಟೇನರ್ ರೈಲು ಹೋಗುತ್ತದೆ.

ಘಾಟಿಗಿಂತ ದೊಡ್ಡ ವಿಷಯ ಖಾಲಿ ಕಂಟೇನರ್. ಅದು ನಿಮ್ಮದಲ್ಲ, ಶಿಪ್ಪಿಂಗ್ ಲೈನಿನದು. ಎರಡೂ ದಿಕ್ಕಿನಲ್ಲಿ ಸರಕು ತುಂಬಿದರೇನೇ ಅವರಿಗೆ ಲಾಭ. ಚೆನ್ನೈಗೆ ಆಮದಾಗುವ ಬಿಡಿಭಾಗ, ಎಲೆಕ್ಟ್ರಾನಿಕ್ಸ್ ಎಲ್ಲ ಕಂಟೇನರಿನಲ್ಲೇ ಬರುತ್ತವೆ. ಅದರಲ್ಲಿ ಒಂದಷ್ಟು ಬೆಂಗಳೂರಿಗೇ ಬಂದು ಖಾಲಿಯಾಗುತ್ತದೆ. ಅದಕ್ಕೇ ನಿಮ್ಮ ಮಾಲು ತುಂಬಿ ಕಳಿಸಿದರೆ ಆಯಿತು. ಮಂಗಳೂರಿಗೆ ಜಾಸ್ತಿ ಬರುವುದು ಕಚ್ಚಾತೈಲ, ಎಲ್‌ಪಿಜಿ, ಕಲ್ಲಿದ್ದಲು. ಇವು ಯಾವುವೂ ಕಂಟೇನರಿನಲ್ಲಿ ಬರುವುದಿಲ್ಲ. ಹಾಗಾಗಿ ಅಲ್ಲಿಗೆ ಖಾಲಿ ಕಂಟೇನರ್ ಹೊತ್ತು ತರಬೇಕು, ಆ ಖರ್ಚು ಕೊನೆಗೆ ನಿಮ್ಮ ಬಿಲ್ಲಿಗೇ ಬರುತ್ತದೆ.

ಹಡಗಿನ ಕಡೆಯಿಂದಲೂ ಇದೇ ಕಥೆ. ದೊಡ್ಡ ಹಡಗು ಬಂದರಿನಲ್ಲಿ ನಿಂತಷ್ಟು ಹೊತ್ತೂ ಖರ್ಚೇ. ಕೆಲವೇ ಕಂಟೇನರಿಗಾಗಿ ಅದು ದಾರಿ ಬಿಟ್ಟು ಬರುವುದಿಲ್ಲ. ಹಾಗಾಗಿ ಮಂಗಳೂರಿನ ಕಂಟೇನರ್ ಸಾಮಾನ್ಯವಾಗಿ ಸಣ್ಣ ಫೀಡರ್ ಹಡಗಿನಲ್ಲಿ ಕೊಲಂಬೊದಂಥ ಕಡೆಗೆ ಹೋಗಿ, ಅಲ್ಲಿ ದೊಡ್ಡ ಹಡಗು ಹತ್ತುತ್ತದೆ. ಚೆನ್ನೈ ಸರಕೂ ಎಷ್ಟೋ ಸಲ ಹೀಗೇ ಹೋಗುತ್ತದೆ ಅನ್ನಿ. ಆದರೆ ಅಲ್ಲಿ ಹಡಗು ಜಾಸ್ತಿ. ಒಂದು ತಪ್ಪಿದರೆ ಇನ್ನೊಂದಕ್ಕೆ ತುಂಬಾ ಕಾಯಬೇಕಿಲ್ಲ. ಸರಕು ಕಾದಷ್ಟು ದಿನ ನಿಮ್ಮ ದುಡ್ಡೂ ಕಾಯುತ್ತದೆ, ಅಲ್ವಾ?

ಹಾಗಂತ ಮಂಗಳೂರು ಯಾರಿಗೂ ಬೇಡ ಅಂತಲ್ಲ. ಕೊಡಗು, ಹಾಸನ, ಚಿಕ್ಕಮಗಳೂರಿನ ಕಾಫಿಗೆ ಅದೇ ಹತ್ತಿರದ ದಾರಿ. ಕೇರಳದ ವಿಳಿಂಜಂನಲ್ಲಿ 2025ರ ಮೇನಲ್ಲಿ ಉದ್ಘಾಟನೆಯಾದ ಬಂದರಿಗೆ ಭಾರೀ ಹಡಗುಗಳೇ ಬರುತ್ತಿವೆ. ಅಲ್ಲಿಗೆ ಮಂಗಳೂರಿನಿಂದ ಫೀಡರ್ ಓಡಾಟ ಹೆಚ್ಚಿದರೆ ಲೆಕ್ಕ ಬದಲಾಗಬಹುದು.

ಏಜೆಂಟರ ಹತ್ತಿರ ಎರಡೂ ಬಂದರಿಗೆ ಪೀಣ್ಯದಿಂದ ಜರ್ಮನಿವರೆಗಿನ ಪೂರ್ತಿ ದರ ಕೇಳಿ, ಎಷ್ಟು ದಿನ ಹಿಡಿಯುತ್ತದೆ ಅಂತಲೂ ಬರೆಸಿಕೊಳ್ಳಿ. ಅದಕ್ಕೂ ಮುಂಚೆ ನಿಮ್ಮ ಒಪ್ಪಂದ ತೆಗೆದು ನೋಡಿ. ಅದು ಎಫ್‌ಒಬಿ (ಅಂದರೆ ಸರಕನ್ನು ಹಡಗಿಗೆ ಹತ್ತಿಸುವವರೆಗೆ ಮಾತ್ರ ನಿಮ್ಮ ಹೊಣೆ) ಆಗಿದ್ದರೆ ಹಡಗು ಗೊತ್ತುಮಾಡುವುದು ನಿಮ್ಮ ಜರ್ಮನ್ ಗಿರಾಕಿ. ಆಗ ಬಂದರು ಬದಲಿಸಲು ಅವರ ಜೊತೆಗೇ ಮಾತಾಡಬೇಕಾಗುತ್ತದೆ.