ಮಾತು ಬರದ ಅಕೌಂಟೆಂಟಿಗೆ ಕೆಲ್ಸ ಇಲ್ವಾ?

ಪ್ರಶ್ನೆ: ಸಾರ್, ಚಿಕ್ಕಮಗಳೂರಲ್ಲಿ ಒಬ್ರು ಆಡಿಟರ್ ಹತ್ರ 18 ವರ್ಷದಿಂದ ಅಕೌಂಟೆಂಟ್ ಆಗಿದೀನಿ. ಒಂದ್ಕಡೆ ಕೂತು ಲೆಕ್ಕ ತಾಳೆ ಹಾಕೋದೇ ನಂಗೆ ಇಷ್ಟ. ಈಗ ಎಂಟ್ರಿ ಎಲ್ಲಾ ಸಾಫ್ಟ್‌ವೇರೇ ಮಾಡುತ್ತೆ, ನೀವು ಕ್ಲೈಂಟ್ ಜೊತೆ ಮಾತಾಡಿ ಸಲಹೆ ಕೊಡಿ ಅಂತಾರೆ. ಹೊಸ ಹುಡುಗ್ರು ಪಟಪಟ ಅಂತ ಮಾತಾಡ್ತಾರೆ, ನಂಗಾಗಲ್ಲ. ಕೆಲ್ಸ ಬಿಟ್ಬಿಡ್ಲಾ?

ಉತ್ತರ: ದಯವಿಟ್ಟು ಬಿಡ್ಬೇಡಿ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ನಾನೂ ಹಾಸನದಲ್ಲಿ ಇದೇ ಥರ ಹೆದರಿದ್ದೆ. ಆಮೇಲೆ 2022ರಿಂದ ಏನಾಯ್ತು ನೋಡಿ, ಮಾಲು ಕೊಟ್ಟೋರು ತಮ್ಮ ರಿಟರ್ನಲ್ಲಿ ಬಿಲ್ ತೋರಿಸಿ ಅದು ನಮ್ಮ 2ಬಿನಲ್ಲಿ, ಅಂದ್ರೆ ನಾವು ಕೊಂಡ ಬಿಲ್‌ಗಳ ಜಿಎಸ್‌ಟಿ ಪಟ್ಟಿಲಿ, ಬಂದ್ರೆ ಮಾತ್ರ ಕೊಂಡಾಗ ಕಟ್ಟಿದ ತೆರಿಗೆಗೆ ಕ್ರೆಡಿಟ್ಟು, ತಿಂಗಳ ರಿಟರ್ನ್ ಹಾಕೋರಿಗೆ 14ಕ್ಕೆ 2ಬಿ ಬರುತ್ತೆ 20ರೊಳಗೆ 3ಬಿ, ಅಂದ್ರೆ ತೆರಿಗೆ ಕಟ್ಟೋ ರಿಟರ್ನ್, ಹಾಕ್ಬೇಕು, ಆ ನಡುವಿನ ದಿನಗಳಲ್ಲಿ ಒಂದೊಂದು ಬಿಲ್ ನಂಬರಿಗೂ ಬೆರಳಿಟ್ಟು ನೋಡೋರು ಬೇಕೇ ಬೇಕು. ಅದು ನಿಮ್ ಕೈಯಲ್ಲಾಗೋ ಕೆಲ್ಸ.

ಇನ್ನು ಸಲಹೆ ವಿಷ್ಯ. ಸಲಹೆ ಅಂದ್ರೆ ಭಾಷಣ ಅಲ್ಲ ಸ್ವಾಮಿ. ನಿಮ್ಮೂರಿನ ಲೆಕ್ಕಾನೇ ತಗೊಳ್ಳಿ, ಬೆಳೆಗಾರರು ತಾವೇ ಬೆಳೆದ ಕಾಫಿನ ಕ್ಯೂರಿಂಗ್ ಮಾಡಿಸಿ (ಸಿಪ್ಪೆ ತೆಗೆಸಿ ಬೀಜ ಹಸನು ಮಾಡಿಸಿ) ಮಾರಿದ್ರೆ ಆದಾಯದಲ್ಲಿ 25% ಇನ್ಕಮ್ ಟ್ಯಾಕ್ಸಿಗೆ ಬರುತ್ತೆ, ಹುರಿದು ಪುಡಿ ಮಾಡಿ ಮಾರಿದ್ರೆ 40%. ಒಂದ್ಸಲ ನಮ್ಮ ಆಫೀಸಿಗೆ ಒಬ್ರು ರಬ್ಬರ್‌ಬ್ಯಾಂಡ್ ಹಾಕಿದ ಬಿಲ್ ಕಟ್ಟು ತಂದ್ರು. ಕಂಪ್ಯೂಟರಲ್ಲಿ ಎಲ್ಲಾ 'ಕಾಫಿ ಮಾರಾಟ' ಅಂತ ಒಂದೇ ಕಡೆ ಕೂತಿತ್ತು, ಒಂದು ಚೀಟಿ ಹಿಂದೆ ಮಾತ್ರ ತೋಟದ ರೈಟರು ಪೆನ್ಸಿಲಲ್ಲಿ 'ಪುಡಿ' ಅಂತ ಸಣ್ಣಗೆ ಬರೆದಿದ್ರು. ಅದನ್ನ ಕಂಡಿದ್ದು ನಮ್ಮಲ್ಲಿ ಅತಿ ಕಮ್ಮಿ ಮಾತಾಡೋ ಗುಮಾಸ್ತರಿಗೆ. 'ಇದನ್ನ ಎಲ್ಲಿ ಹುರಿಸಿದ್ರಿ ಸಾರ್?' ಅಂತ ಅವರು ಕೇಳಿದ ಒಂದೇ ಪ್ರಶ್ನೆಗೆ ಇಡೀ ವರ್ಷದ ಲೆಕ್ಕ ಸರಿಹೋಯ್ತು!

ಹಾಗಾಗಿ ನಿಮ್ ಸ್ವಭಾವ ಬದಲಾಯಿಸೋ ಗೋಜಿಗೆ ಹೋಗ್ಬೇಡಿ, ಎಲ್ರನ್ನೂ ಒಂದೇ ಥರ ಮಾತುಗಾರರು ಮಾಡೋಕೆ ಹೊರಟಿರೋದು ಆಫೀಸಿನ ತಪ್ಪು ಅಂತಾನೇ ನನ್ನ ಅಭಿಪ್ರಾಯ. ಆದ್ರೆ ನೀವೂ ಒಂದು ಹೆಜ್ಜೆ ಮುಂದೆ ಬರ್ಬೇಕು, ಕಂಡಿದ್ದನ್ನ ಮನಸಲ್ಲೇ ಇಟ್ಕೋಬಾರ್ದು. ಕ್ಲೈಂಟ್ ಬರೋ ಹಿಂದಿನ ದಿನ ಫೈಲ್ ನೋಡಿ ಮೂರೇ ಮೂರು ಪ್ರಶ್ನೆ ಚೀಟಿಲಿ ಬರ್ಕೊಳ್ಳಿ, ಆ ಪಟಪಟ ಹುಡುಗ್ರಲ್ಲಿ ಒಬ್ಬನ್ನ ಪಕ್ಕದಲ್ಲಿ ಕೂರಿಸ್ಕೊಳ್ಳಿ, ಮಾತು ಅವನು ಶುರು ಮಾಡ್ಲಿ, ಪ್ರಶ್ನೆ ನೀವು ಕೇಳಿ. ಈ ತಿಂಗಳು 14ರ ಒಳಗೇ ಆಡಿಟರ್ ಹತ್ರ ಹೋಗಿ ಹಿಂಗ್ ಮಾಡ್ತೀವಿ ಅಂತ ಹೇಳ್ಬಿಡಿ.