ಬಳ್ಳಾರಿ ನಗರದಲ್ಲಿ ಕನ್ನಡದಷ್ಟೇ ಸಲೀಸಾಗಿ ತೆಲುಗು, ಉರ್ದು ಕೇಳಿಬರುವುದೇಕೆ?
ರಾಜ್ಯದ ಗಡಿ ಬದಲಾದರೂ ನಗರಕ್ಕೆ ಜನರನ್ನು ಕಳಿಸುವ ಸುತ್ತಲಿನ ಸೀಮೆ ಬದಲಾಗಲಿಲ್ಲ ಎಂಬುದೇ ಮುಖ್ಯ ಕಾರಣ. 1800ರಲ್ಲಿ ನಿಜಾಮರು ಬ್ರಿಟಿಷರಿಗೆ ಬಿಟ್ಟುಕೊಟ್ಟ ಈ ಪ್ರದೇಶ ಮುಂದೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದಾಗ, ಅದೇ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಆದರೆ ಅಲ್ಲಿನವರಿಗೆ ಬಳ್ಳಾರಿಯೇ ಹತ್ತಿರದ ದೊಡ್ಡ ಪೇಟೆಯಾಗಿ ಉಳಿದಿದ್ದರಿಂದ ಹತ್ತಿ ವ್ಯಾಪಾರ, ಆಸ್ಪತ್ರೆ, ಮದುವೆ ಸಂಬಂಧಗಳೆಲ್ಲ ಗಡಿ ದಾಟಿಯೇ ನಡೆದವು. ಉರ್ದುವಿನ ಬೇರು ಇನ್ನೂ ಹಳೆಯದು. ಅದು ಹೈದರ್, ನಿಜಾಮರ ಆಳ್ವಿಕೆಯ ಕಾಲಕ್ಕೂ ಹೋಗುತ್ತದೆ.

ಇತ್ತೀಚಿನ ದಶಕಗಳಲ್ಲಿ ಜೀನ್ಸ್ ಹೊಲಿಗೆ, ಸಂಡೂರಿನ ಅದಿರು, ತೋರಣಗಲ್ಲಿನ ಉಕ್ಕು ಹೊಸ ವಲಸಿಗರನ್ನು ತಂದಿವೆ. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 4 ಲಕ್ಷ ದಾಟಿತ್ತು. ಹಿಂದಿ ಮಾತಾಡುವ ಕಾರ್ಮಿಕರು, ನನ್ನ ಅಂದಾಜಿನಲ್ಲಿ, ಈ ಕೊನೆಯ ಅಲೆಯವರೇ ಹೆಚ್ಚು.